ಸಹಿ ಹಾಕುವ ಮೊದಲು ಒಂದು ಹಾಳೆ: ಆಡಳಿತ ಮಂಡಳಿಯವರಿಗೆ ಬಹಿರಂಗ ಪತ್ರ

ಪಟ್ಟಣ ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಶಿಕ್ಷಣ ಸಂಸ್ಥೆ, ಆಸ್ಪತ್ರೆಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ನಿರ್ದೇಶಕರಿಗೆ –



ನಿಮ್ಮ ಸಭೆಗಳಲ್ಲಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಅಜೆಂಡಾದ ಕೊನೆಯ ವಿಷಯ ಬರುವವರೆಗೆ ಕಾಯುವ ಮಂದಿಯಲ್ಲಿ ನಾನೂ ಒಬ್ಬ. 'ಕಂಪ್ಯೂಟರ್ ವಿಭಾಗದ ವಿಷಯ' ಅನ್ನುವ ಆ ಸಾಲು ಬರುವ ಹೊತ್ತಿಗೆ ಊಟದ ವೇಳೆಯಾಗಿರುತ್ತದೆ. ಎರಡು ಕೊಟೇಷನ್ ನೋಡಿ ಕಡಿಮೆ ಮೊತ್ತದ್ದಕ್ಕೆ ಠರಾವು ಮಾಡಿ ಎಲ್ಲರೂ ಏಳುತ್ತೀರಿ. ನಿಮ್ಮನ್ನು ದೂರುತ್ತಿಲ್ಲ. ಸಾಲ ವಸೂಲಿ, ಕಟ್ಟಡದ ಲೈಸೆನ್ಸು, ಸಿಬ್ಬಂದಿಯ ಬಡ್ತಿ ಇವೆಲ್ಲದರ ನಡುವೆ ಕಂಪ್ಯೂಟರಿನ ಮಾತಿಗೆ ಐದು ನಿಮಿಷ ಸಿಕ್ಕರೇ ಹೆಚ್ಚು. ಆ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಈಗ ನಿಮ್ಮ ಮುಂದೆ ಬರುತ್ತಿರುವ ಕೊಟೇಷನ್‌ಗಳು ಎರಡು ಜಾತಿಯವು. ಒಂದರಲ್ಲಿ, ಸರ್ವರ್ ಕೋಣೆಗೆ ಬೀಗ ಹಾಕಿ ಎಲ್ಲವನ್ನೂ ಕ್ಲೌಡ್‌ಗೆ ಕಳಿಸಿಬಿಡಿ ಅಂತ ಇರುತ್ತದೆ. ಇನ್ನೊಂದರಲ್ಲಿ, ಹಳೆಯ ಸರ್ವರ್ ತೆಗೆದು ಹೊಸದು ಕೂರಿಸಿ, ಐದು ವರ್ಷ ತಲೆಬಿಸಿ ಇಲ್ಲ ಅಂತ ಇರುತ್ತದೆ. ತರುವವರು ಇಬ್ಬರೂ ಒಳ್ಳೆಯ ಮಾತುಗಾರರು, ಇನ್ನೊಬ್ಬರದ್ದು ದುಡ್ಡು ದಂಡ ಅನ್ನುವುದರಲ್ಲಿ ಇಬ್ಬರಿಗೂ ಸಂಶಯವಿಲ್ಲ. ನನ್ನ ಕೋರಿಕೆ ಇಷ್ಟೆ: ಎರಡಕ್ಕೂ ಸದ್ಯಕ್ಕೆ ಸಹಿ ಹಾಕಬೇಡಿ. ಮೊದಲು ಒಂದು ಹಾಳೆ ತುಂಬಿಸಿ. ನಿಮ್ಮ ಕಂಪ್ಯೂಟರುಗಳಿಗೆ ಆಗಬೇಕಾದ ಒಂದೊಂದು ಕೆಲಸವೂ ಯಾರ ಸುಪರ್ದಿಯಲ್ಲಿದೆ, ಕಚೇರಿಯ ಸರ್ವರಿನದೋ ಕ್ಲೌಡಿನದೋ, ಅನ್ನುವ ಹಾಳೆ ಅದು. ಎರಡನ್ನೂ ಜೋಡಿಸಿ ನಡೆಸಲು ಬರುತ್ತದೆ, ಬಹಳಷ್ಟು ಮಧ್ಯಮ ಗಾತ್ರದ ಸಂಸ್ಥೆಗಳಿಗೆ ಸದ್ಯಕ್ಕೆ ಅದೇ ಸರಿ. ಆದರೆ ಹಾಳೆ ಇಲ್ಲದೆ ಜೋಡಿಸಿದರೆ ಎರಡರ ನಷ್ಟವೂ ನಿಮ್ಮ ಪಾಲಿಗೆ.

ಕಂಪ್ಯೂಟರುಗಳ ನಿರ್ವಹಣೆ ಅಂದರೆ ಕೆಟ್ಟದ್ದನ್ನು ರಿಪೇರಿ ಮಾಡುವುದಲ್ಲ, ಅದು ಎಎಂಸಿಯವರ ಕೆಲಸ. ನಿಮ್ಮಲ್ಲಿ ಮುನ್ನೂರು ಯಂತ್ರಗಳಿವೆ ಅನ್ನಿ. ಮುನ್ನೂರರಲ್ಲೂ ಈ ತಿಂಗಳ ಭದ್ರತಾ ಪ್ಯಾಚ್ ಕೂತಿದೆಯೇ? ಆ್ಯಂಟಿವೈರಸ್ ಎಚ್ಚರವಾಗಿದೆಯೇ? ಲ್ಯಾಪ್‌ಟಾಪ್ ಕಳೆದುಹೋದರೆ ಅದರ ಡಿಸ್ಕ್ ಬೇರೆಯವರು ಓದಲಾಗದಂತೆ ಲಾಕ್ ಆಗಿದೆಯೇ? ರಾಜೀನಾಮೆ ಕೊಟ್ಟು ಹೋದವರ ಯಂತ್ರ ಎಲ್ಲಿದೆ? ಇದನ್ನೆಲ್ಲ ಒಂದೇ ಕಡೆ ಕೂತು ತಿಳಿಯುವುದು, ತಿದ್ದುವುದೇ ನಿರ್ವಹಣೆ.

ಈ ಕೆಲಸಕ್ಕೆಂದು ಮೈಕ್ರೋಸಾಫ್ಟ್ 1994ರಲ್ಲಿ ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್ ತಂದಿತು. ಅದೇ ಬೆಳೆದು ಈಗಿನ ಕಾನ್ಫಿಗರೇಷನ್ ಮ್ಯಾನೇಜರ್ ಆಗಿದೆ. ಹೆಸರು ಎಷ್ಟು ಸಲ ಬದಲಾದರೂ ನಮ್ಮ ಮಂದಿಗೆ ಅದು ಇನ್ನೂ 'ಎಸ್‌ಸಿಸಿಎಂ'. ವಿಂಡೋಸ್ 2000ದ ಜೊತೆ, ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿ ಬಂತು. ಇವೆಲ್ಲದರ ಹಿಂದೆ ಒಂದು ನಂಬಿಕೆ ಇತ್ತು: ಕಚೇರಿಯ ಕಂಪ್ಯೂಟರ್ ಕಚೇರಿಯಲ್ಲೇ ಇರುತ್ತದೆ, ನಮ್ಮದೇ ತಂತಿಗೆ ಸಿಕ್ಕಿಸಿಕೊಂಡಿರುತ್ತದೆ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಲಾಕ್‌ಡೌನ್ ಬಂದು ಲ್ಯಾಪ್‌ಟಾಪ್‌ಗಳೆಲ್ಲ ಮನೆ ಸೇರಿದಾಗ ಆ ನಂಬಿಕೆ ಎಲ್ಲರ ಕಣ್ಣೆದುರೇ ಕುಸಿಯಿತು. ಅಷ್ಟರಲ್ಲಿ ಕ್ಲೌಡಿನ ದಾರಿ ಸಿದ್ಧವಾಗಿತ್ತು. 2011ರಲ್ಲಿ ಮೈಕ್ರೋಸಾಫ್ಟೇ ತಂದಿದ್ದ ಕ್ಲೌಡ್ ಸೇವೆ ಇನ್‌ಟ್ಯೂನ್‌ಗೆ ಕಂಪ್ಯೂಟರ್ ಎಲ್ಲಿದ್ದರೂ ಅಡ್ಡಿಯಿಲ್ಲ, ಇಂಟರ್‌ನೆಟ್ ಇದ್ದರಾಯಿತು. 2017ರಲ್ಲಿ ಕಾನ್ಫಿಗರೇಷನ್ ಮ್ಯಾನೇಜರ್, ಇನ್‌ಟ್ಯೂನ್ ಎರಡನ್ನೂ ಒಂದೇ ಯಂತ್ರದ ಮೇಲೆ ಒಟ್ಟಿಗೆ ನಡೆಸುವ ವ್ಯವಸ್ಥೆಯನ್ನೂ ಮೈಕ್ರೋಸಾಫ್ಟ್ ಕೊಟ್ಟಿತು. ಕೋ-ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಈ ಪತ್ರ ಅದರ ಬಗ್ಗೆಯೇ.

ಮೊದಲು ಕಚೇರಿ ಸರ್ವರಿನ ಪರ ಎರಡು ಮಾತು. ಕ್ಲೌಡ್ ಮಾರುವವರು ಇದನ್ನು ಹೇಳುವುದಿಲ್ಲ.

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುತ್ತದೆ, ನಮ್ಮ ಗಡಿಯಾರಕ್ಕೆ ಅದು ರಾತ್ರಿ. ಬುಧವಾರ ಬೆಳಿಗ್ಗೆ ಶಾಖೆ ತೆರೆದಾಗ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಎದ್ದು ಅದನ್ನು ಎಳೆಯಲು ಶುರು ಮಾಡುತ್ತವೆ. ಹೋಬಳಿ ಊರಿನ ಒಂದು ಶಾಖೆಯಲ್ಲಿ ಅಂಥ ಬುಧವಾರ ನಾನಿದ್ದೆ. ಬ್ಯಾಂಕಿನ ವ್ಯವಹಾರಕ್ಕೂ ಇಂಟರ್‌ನೆಟ್ಟಿಗೂ ಇದ್ದದ್ದು ಒಂದೇ ಸಪೂರ ಲೈನು. ಸಂತೆಯ ದಿನ ಬೇರೆ, ಕೌಂಟರಿನ ಮುಂದೆ ಸಾಲು ಬಾಗಿಲಿನ ಹೊರಗಿತ್ತು. ಪ್ರಿಂಟರಿಗೆ ತೂರಿಸಿದ್ದ ಪಾಸ್‌ಬುಕ್ಕು ಎರಡು ಸಾಲು ಅಚ್ಚಾಗಿ ಅಲ್ಲೇ ನಿಂತುಬಿಟ್ಟಿತು. "ಸರ್ವರ್ ಡೌನ್ ಐತ್ರಿ, ಸ್ವಲ್ಪ ತಡೀರಿ" ಅಂತ ಕ್ಯಾಶಿಯರು ಹೇಳುತ್ತಲೇ ಇದ್ದರು. ಸರ್ವರ್ ಗಟ್ಟಿಮುಟ್ಟಾಗಿತ್ತು. ಒಂಬತ್ತು ಡೆಸ್ಕ್‌ಟಾಪ್‌ಗಳು ಒಂದೇ ಪ್ಯಾಚನ್ನು ಒಂಬತ್ತು ಸಲ ಇಳಿಸಿಕೊಳ್ಳುತ್ತಿದ್ದವು, ಅಷ್ಟೇ.

ಕಾನ್ಫಿಗರೇಷನ್ ಮ್ಯಾನೇಜರ್ ಇದಕ್ಕೆ ಒಳ್ಳೆಯ ಉಪಾಯ ಇಟ್ಟಿದೆ. ಶಾಖೆಯ ಮೂಲೆಯಲ್ಲಿರುವ ಒಂದು ಸಾಮಾನ್ಯ ಡೆಸ್ಕ್‌ಟಾಪನ್ನೇ ವಿತರಣಾ ಕೇಂದ್ರ ಮಾಡಬಹುದು. ಕೇಂದ್ರ ಕಚೇರಿಯಿಂದ ಪ್ಯಾಚ್ ಅಲ್ಲಿಗೆ ರಾತ್ರಿ ಹೊತ್ತು, ಲೈನಿಗೆ ಭಾರವಾಗದ ವೇಗದಲ್ಲಿ, ಒಂದೇ ಒಂದು ಪ್ರತಿ ಹೋಗುತ್ತದೆ. ಬೆಳಿಗ್ಗೆ ಉಳಿದವು ಅದರಿಂದ ತೆಗೆದುಕೊಳ್ಳುತ್ತವೆ. ಕ್ಲೌಡಿನಲ್ಲೂ ಅಕ್ಕಪಕ್ಕದ ಕಂಪ್ಯೂಟರುಗಳು ಪ್ಯಾಚಿನ ತುಣುಕುಗಳನ್ನು ಹಂಚಿಕೊಳ್ಳುವ ವ್ಯವಸ್ಥೆ ಇದೆ, ಡೆಲಿವರಿ ಆಪ್ಟಿಮೈಸೇಷನ್ ಅಂತ. ಅದರಲ್ಲೊಂದು ಕೊಕ್ಕೆ. ಹೊರಗಿನ ಇಂಟರ್‌ನೆಟ್ ವಿಳಾಸ ಒಂದೇ ಆಗಿದ್ದರೆ ಎಲ್ಲರೂ ಒಂದೇ ಕಟ್ಟಡದಲ್ಲಿದ್ದಾರೆ ಅಂತ ಅದು ಭಾವಿಸುತ್ತದೆ. ನಮ್ಮ ಬಹಳಷ್ಟು ಬ್ಯಾಂಕುಗಳಲ್ಲಿ ಶಾಖೆಗಳ ಇಂಟರ್‌ನೆಟ್ಟೆಲ್ಲ ಕೇಂದ್ರ ಕಚೇರಿಯ ಮೂಲಕವೇ ಹೊರಗೆ ಹೋಗುತ್ತದೆ. ಹಾಗಿರುವಾಗ ಗದಗಿನ ಶಾಖೆಯ ಕಂಪ್ಯೂಟರು ಶಿರಸಿ ಶಾಖೆಯ ಕಂಪ್ಯೂಟರಿನಿಂದ ತುಣುಕು ಕೇಳುತ್ತದೆ, ಅದೇ ಸಪೂರ ಲೈನಿನ ಮೇಲೆ. ಶಾಖೆವಾರು ಗುಂಪು ಮಾಡಿಕೊಟ್ಟರೆ ಇದು ನಿಲ್ಲುತ್ತದೆ. ಕೊಟೇಷನ್ ತಂದವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರುವ ರೀತಿಯಲ್ಲೇ ಅವರಿಗೆ ಶಾಖೆಗಳ ಅನುಭವ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಶಿಕ್ಷಣ ಸಂಸ್ಥೆಯವರಿಗೆ ಇನ್ನೊಂದು ಕಾರಣವಿದೆ. ಸೆಮಿಸ್ಟರ್ ಮುಗಿದ ಮೇಲೆ ಲ್ಯಾಬಿನ ಅರವತ್ತು ಯಂತ್ರಗಳನ್ನು ಪೂರ್ತಿ ಅಳಿಸಿ, ವಿಂಡೋಸ್‌ನಿಂದ ಹಿಡಿದು ಎಲ್ಲ ತಂತ್ರಾಂಶವನ್ನೂ ಹೊಸದಾಗಿ ಹಾಕುವುದು ಕಚೇರಿಯೊಳಗಿನ ಸರ್ವರಿಗೆ ಒಂದು ರಾತ್ರಿಯ ಕೆಲಸ. ಇಂಟರ್‌ನೆಟ್ ಸಂಪರ್ಕವನ್ನು ನಂಬಿ ಅದನ್ನು ಮಾಡಲು ಹೊರಟರೆ ಎಷ್ಟು ರಾತ್ರಿ ಹಿಡಿಯುತ್ತದೆ ಅಂತ ನಿಮ್ಮ ಲ್ಯಾಬ್ ಸಹಾಯಕರನ್ನೇ ಕೇಳಿ.

ಇನ್ನು ಕ್ಲೌಡಿನ ಕಡೆ. ಸರ್ವರ್ ಕೋಣೆಯನ್ನು ಪ್ರೀತಿಸುವ ನನ್ನ ಜೊತೆಗಾರರು ಇದನ್ನು ಹೇಳುವುದಿಲ್ಲ. ನಿಮ್ಮ ಸಾಲ ವಿಭಾಗದ ಅಧಿಕಾರಿ, ನಿಮ್ಮ ಆಸ್ಪತ್ರೆಯ ಮಾರ್ಕೆಟಿಂಗ್ ನೋಡುವವರು, ನಿಮ್ಮ ಪ್ರಾಂಶುಪಾಲರು ಲ್ಯಾಪ್‌ಟಾಪನ್ನು ಕಚೇರಿಯ ನೆಟ್‌ವರ್ಕಿಗೆ ಸೇರಿಸುವುದು ಎಂದಾದರೊಮ್ಮೆ. ವಿಪಿಎನ್ ಹಾಕಿಕೊಳ್ಳಿ ಅಂದರೆ 'ಹ್ಞೂಂ' ಅನ್ನುತ್ತಾರೆ, ಹಾಕುವುದಿಲ್ಲ. ಆ ಲ್ಯಾಪ್‌ಟಾಪ್ ಪಾಲಿಗೆ ಕಚೇರಿಯ ಸರ್ವರ್ ಇಲ್ಲವೇ ಇಲ್ಲ. ತಿಂಗಳುಗಟ್ಟಲೆ ಪ್ಯಾಚ್ ಕಾಣದ ಯಂತ್ರ ಒಂದು ದಿನ ಶಾಖೆಗೆ ಬಂದು ನಿಮ್ಮ ತಂತಿಗೆ ಸಿಕ್ಕಿಸಿಕೊಳ್ಳುತ್ತದೆ. 2017ರ ಮೇ 12ರಂದು ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ವಾನಾಕ್ರೈ ಜಗತ್ತನ್ನೆಲ್ಲ ನಡುಗಿಸಿದಾಗ ಅದನ್ನು ತಡೆಯುವ ಪ್ಯಾಚ್ ಬಂದು ಎರಡು ತಿಂಗಳಾಗಿತ್ತು. ಮಾರ್ಚ್ 14ಕ್ಕೇ ಮೈಕ್ರೋಸಾಫ್ಟ್ ಅದನ್ನು ಬಿಟ್ಟಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಗಿದ್ದು ಮದ್ದಿಲ್ಲದೆ ಅಲ್ಲ, ಇದ್ದ ಮದ್ದು ಯಂತ್ರಕ್ಕೆ ತಲುಪದೆ.

"ನಮ್ಮಂಥ ಸಣ್ಣವರ ತಂಟೆಗೆ ಯಾರು ಬರ್ತಾರ್ರೀ" ಅನ್ನುವ ಮಾತನ್ನು ನಿಮ್ಮಲ್ಲಿ ಹಲವರ ಬಾಯಲ್ಲಿ ಕೇಳಿದ್ದೇನೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಅನ್ನುವ ತಂತ್ರಜ್ಞಾನ ಸೇವಾ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ತನ್ನ ಜಾಲದಿಂದ ಬೇರ್ಪಡಿಸಬೇಕಾಯಿತು. ಆಗ ಯುಪಿಐ, ಎಟಿಎಂ ಸೇವೆ ತೊಂದರೆಗೊಳಗಾದದ್ದು ಹೆಚ್ಚುಕಡಿಮೆ ಮುನ್ನೂರು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಲ್ಲಿ. ದೊಡ್ಡ ಬ್ಯಾಂಕುಗಳು ಎಂದಿನಂತೆ ನಡೆದವು.

ಕ್ಲೌಡಿನ ಬೆಲೆ ನನಗೆ ನಿಜವಾಗಿ ಗೊತ್ತಾದದ್ದು ಒಂದು ಕೀಲಿಯ ದೆಸೆಯಿಂದ. ಲ್ಯಾಪ್‌ಟಾಪ್‌ಗಳ ಡಿಸ್ಕನ್ನು ಬಿಟ್‌ಲಾಕರ್ ಅನ್ನುವ ವ್ಯವಸ್ಥೆ ಲಾಕ್ ಮಾಡಿಡುತ್ತದೆ. ಮದರ್‌ಬೋರ್ಡ್ ಬದಲಾದಾಗ ಅದಕ್ಕೆ ಸಂಶಯ ಬರುತ್ತದೆ, ನೀಲಿ ಪರದೆ ತೋರಿಸಿ ರಿಕವರಿ ಕೀಲಿ ಕೇಳುತ್ತದೆ. ಆ ಕೀಲಿ 48 ಅಂಕಿಗಳದು, ಆರಾರು ಅಂಕಿಯ ಎಂಟು ಗುಂಪು. ಒಂದು ಸಂಸ್ಥೆಯಲ್ಲಿ ಈ ಕೀಲಿಗಳನ್ನೆಲ್ಲ ಅಚ್ಚು ಹಾಕಿಸಿ ಕೇಂದ್ರ ಕಚೇರಿಯ ಬೀರುವಿನಲ್ಲಿ ಫೈಲು ಮಾಡಿ ಇಟ್ಟಿದ್ದರು, ಬೀರುವಿನ ಕೀಲಿ ರಜೆಯ ಮೇಲೆ ಹೋದವರ ಹತ್ತಿರ. ಭಾನುವಾರ ಸಂಜೆ ಬೀಗ ತೆರೆಸಿ, ಊರಿನಾಚೆ ಇದ್ದ ಅಧಿಕಾರಿಗೆ ಫೋನಿನಲ್ಲಿ ಒಂದೊಂದೇ ಗುಂಪು ಓದಿ ಹೇಳಿದೆ. ಐದನೇ ಗುಂಪಿನಲ್ಲಿ ಮೂರೋ ಎಂಟೋ ಅಂತ ಅನುಮಾನ, ಜೆರಾಕ್ಸ್ ಮಾಸಿತ್ತು. ಬೆಳಿಗ್ಗೆ ಆ ಅಧಿಕಾರಿ ಸಾಲಗಾರರ ಕಡತದೊಂದಿಗೆ ಕೋರ್ಟಿನಲ್ಲಿರಬೇಕಿತ್ತು. ಅದೇ ಕೀಲಿಯನ್ನು ಯಂತ್ರ ತಾನೇ ಕ್ಲೌಡಿಗೆ ಒಪ್ಪಿಸುವಂತೆ ಮಾಡಿದ್ದರೆ, ಎಲ್ಲಿಂದ ಬೇಕಾದರೂ ಅರ್ಧ ನಿಮಿಷದಲ್ಲಿ ನೋಡಬಹುದಿತ್ತು. ಕಳುವಾದ ಲ್ಯಾಪ್‌ಟಾಪನ್ನು ದೂರದಿಂದಲೇ ಅಳಿಸುವುದೂ ಹೀಗೆಯೇ. ಕಳ್ಳ ಅದನ್ನು ನಮ್ಮ ನೆಟ್‌ವರ್ಕಿಗೆ ತಂದು ಸಿಕ್ಕಿಸುವುದಿಲ್ಲ, ಆದರೆ ಇಂಟರ್‌ನೆಟ್ಟಿಗೆ ಹಾಕಿದರೂ ಹಾಕಿಯಾನು.

ಹಾಗಾದರೆ ಎರಡೂ ಬೇಕಲ್ಲ ಅಂತ ನಾನೊಮ್ಮೆ ಸಭೆಯಲ್ಲಿ ಹೇಳಿದಾಗ ಹಿರಿಯ ನಿರ್ದೇಶಕರೊಬ್ಬರು ಕನ್ನಡಕದ ಮೇಲಿಂದ ನೋಡಿದರು. "ಎರಡೆರಡು ಯಾಕ ಬೇಕ್ರಿ? ಒಂದ ಇಟ್ಕೊಳ್ರಿ, ಅದನ್ನ ಚಂದಂಗ ನಡಸ್ರಿ." ನ್ಯಾಯವಾದ ಮಾತು. ಅವರಿಗೆ ಹೇಳಿದ ಉತ್ತರವನ್ನೇ ನಿಮಗೂ ಹೇಳುತ್ತೇನೆ.

ಜೋಡಿಸುವುದೆಂದರೆ ಒಂದೇ ಕೆಲಸವನ್ನು ಇಬ್ಬರಿಗೆ ಕೊಡುವುದಲ್ಲ. ಮೈಕ್ರೋಸಾಫ್ಟ್ ಇಲ್ಲಿ ಕೆಲಸಗಳನ್ನು ಬಿಡಿಬಿಡಿಯಾಗಿ ಇಟ್ಟಿದೆ: ವಿಂಡೋಸ್ ಅಪ್‌ಡೇಟ್ ಒಂದು, ಆ್ಯಂಟಿವೈರಸ್ ಮತ್ತು ಭದ್ರತೆ ಒಂದು, ಯಂತ್ರ ನಿಯಮಕ್ಕೆ ಬದ್ಧವಾಗಿದೆಯೇ ಅಂತ ಪರೀಕ್ಷಿಸುವುದು ಒಂದು, ಸೆಟ್ಟಿಂಗ್‌ಗಳು ಒಂದು, ಆಫೀಸ್ ಪ್ಯಾಕೇಜು ಒಂದು, ಉಳಿದ ಆ್ಯಪ್‌ಗಳು ಒಂದು. ಪ್ರತಿಯೊಂದರ ಎದುರೂ ಒಂದು ಸ್ಲೈಡರ್, ಅದಕ್ಕೆ ಮೂರು ನಿಲ್ದಾಣ: ಕಚೇರಿ ಸರ್ವರ್, ಪ್ರಾಯೋಗಿಕ, ಕ್ಲೌಡ್. ಮೊದಲಿಗೆ ಎಲ್ಲವೂ ಕಚೇರಿಯ ಕಡೆಯೇ ಇರುತ್ತವೆ. ನೀವು ಸರಿಸಿದ್ದು ಮಾತ್ರ ಸರಿಯುತ್ತದೆ. ನಡುವಿನ 'ಪ್ರಾಯೋಗಿಕ' ನಿಲ್ದಾಣದಲ್ಲಿ ನೀವು ಆರಿಸಿದ ಹದಿನೈದಿಪ್ಪತ್ತು ಯಂತ್ರಗಳಿಗಷ್ಟೇ ಬದಲಾವಣೆ ತಾಗುತ್ತದೆ. ಹೊಂದಲಿಲ್ಲವೋ, ಹಿಂದಕ್ಕೆ ಎಳೆಯಬಹುದು. ಎಲ್ಲ ಕೆಲಸವನ್ನೂ ಒಂದೇ ಸಲ ಸಾಗಿಸಿ ದೇವರ ಮೇಲೆ ಭಾರ ಹಾಕುವ ಅಗತ್ಯವೇ ಇಲ್ಲ.

ಇದಕ್ಕೂ ಮುಂಚಿನ ಒಂದು ಹೆಜ್ಜೆ ಇದೆ, ಟೆನೆಂಟ್ ಅಟ್ಯಾಚ್ ಅನ್ನುತ್ತಾರೆ. ನಿರ್ವಹಣೆ ಹೇಗಿತ್ತೋ ಹಾಗೇ ಕಚೇರಿ ಸರ್ವರಿನಲ್ಲೇ ಉಳಿಯುತ್ತದೆ, ಯಂತ್ರಗಳ ಪಟ್ಟಿ ಮಾತ್ರ ಕ್ಲೌಡಿನ ಪರದೆಯಲ್ಲೂ ಕಾಣಿಸುತ್ತದೆ. ಅಳುಕುವವರು ಅಲ್ಲಿಂದ ಶುರು ಮಾಡಿ ಅಂತ ನನ್ನ ಸಲಹೆ. ಆ ಪಟ್ಟಿ ನೋಡಿದ ದಿನವೇ ಕೆಲವು ಸಂಗತಿಗಳು ಹೊರಬೀಳುತ್ತವೆ. ದಾಸ್ತಾನು ಪುಸ್ತಕದಲ್ಲಿರುವ ಯಂತ್ರ ಪಟ್ಟಿಯಲ್ಲಿರುವುದಿಲ್ಲ, ಪಟ್ಟಿಯಲ್ಲಿರುವುದು ಪುಸ್ತಕದಲ್ಲಿರುವುದಿಲ್ಲ.

ಈಗ ಹಾಳೆ ಯಾಕೆ ಅನ್ನುವ ಮಾತು. ಹಾಳೆ ಇಲ್ಲದ ಒಂದು ಸಂಸ್ಥೆಯಲ್ಲಿ ನಾನು ಕಂಡದ್ದಿದು. ವಿಂಡೋಸ್ ಅಪ್‌ಡೇಟ್ ಕೆಲಸವನ್ನು ಗುತ್ತಿಗೆದಾರರು ಕ್ಲೌಡಿಗೆ ಸರಿಸಿ ಬಿಲ್ ತೆಗೆದುಕೊಂಡು ಹೋಗಿದ್ದರು. ಆದರೆ ಅದಕ್ಕೂ ಎಷ್ಟೋ ಹಿಂದೆ ಯಾರೋ ಬರೆದಿಟ್ಟಿದ್ದ ಗ್ರೂಪ್ ಪಾಲಿಸಿ ಹಾಗೇ ಉಳಿದಿತ್ತು. 'ಅಪ್‌ಡೇಟ್ ಬೇಕಾದರೆ ಈ ಸರ್ವರನ್ನೇ ಕೇಳು' ಅಂತ ಅದು ಪ್ರತಿ ಯಂತ್ರಕ್ಕೂ ಹೇಳುತ್ತಲೇ ಇತ್ತು. ಆ ಸರ್ವರಿನಲ್ಲಿ ಹೊಸ ಪ್ಯಾಚ್‌ಗಳಿಗೆ ಒಪ್ಪಿಗೆ ಕೊಡುವುದನ್ನು ಎಲ್ಲರೂ ಬಿಟ್ಟಿದ್ದರು, ಅದು ಕ್ಲೌಡಿಗೆ ಹೋಯಿತಲ್ಲ ಅಂತ. ಯಂತ್ರಗಳು ದಿನಾ ಹಳೆಯ ಸರ್ವರನ್ನು ಕೇಳುತ್ತಿದ್ದವು, ಅದು 'ಹೊಸದೇನೂ ಇಲ್ಲ' ಅನ್ನುತ್ತಿತ್ತು. ಒಳಗಿನವರು ಕ್ಲೌಡ್ ನೋಡಿಕೊಳ್ಳುತ್ತಿದೆ ಅಂದುಕೊಂಡಿದ್ದರು, ಗುತ್ತಿಗೆದಾರರು ಒಳಗಿನವರು ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಿದ್ದರು. ತಪ್ಪು ತಂತ್ರಾಂಶದ್ದಲ್ಲ. ಕೆಲಸದ ಎದುರು ಒಂದು ಹೆಸರು ಬರೆದಿಡಲಿಲ್ಲ, ಅದರ ಫಲ.

ಕ್ಲೌಡಿನ ವೇಗವೂ ಒಂದು ಅಪಾಯ ಅನ್ನುವುದನ್ನು ಮರೆಯಬೇಡಿ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ದೋಷವಿದ್ದ ಒಂದು ಅಪ್‌ಡೇಟ್ ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39ಕ್ಕೆ ಹೊರಟಿತು, 10.57ಕ್ಕೆ ಹಿಂದೆ ಪಡೆದರು. ಆ 78 ನಿಮಿಷಗಳಲ್ಲಿ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಎದ್ದೇಳದ ಯಂತ್ರಕ್ಕೆ ಕ್ಲೌಡಿನಿಂದಲೂ ಏನೂ ಮಾಡಲಾಗದು, ಬಹುಪಾಲು ಕಡೆ ಒಂದೊಂದರ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕೂರಬೇಕಾಯಿತು, ಬಿಟ್‌ಲಾಕರ್ ಇದ್ದಲ್ಲಿ ಆ 48 ಅಂಕಿಗಳನ್ನು ಒತ್ತಬೇಕಾಯಿತು. ಕೀಲಿಗಳಿದ್ದ ಸರ್ವರೇ ಮಲಗಿದ್ದ ಕಡೆ ಗತಿ ಏನಾಗಿರಬೇಕು, ಯೋಚಿಸಿ. ಆದ್ದರಿಂದ ಕೀಲಿ ಎರಡು ಕಡೆ ಇರಲಿ, ಕಚೇರಿಯಲ್ಲೂ ಕ್ಲೌಡಿನಲ್ಲೂ. ನಾನು ಎರಡು ಕಡೆ ಇರಲಿ ಅನ್ನುವುದು ಇದೊಂದನ್ನೇ. ಮತ್ತೆ, ಯಾವ ಅಪ್‌ಡೇಟೂ ಎಲ್ಲ ಯಂತ್ರಗಳಿಗೆ ಒಂದೇ ದಿನ ಹೋಗಬಾರದು. ಮೊದಲು ನಮ್ಮ ವಿಭಾಗದ ನಾಲ್ಕಾರು ಯಂತ್ರಗಳು, ಆಮೇಲೆ ಕೇಂದ್ರ ಕಚೇರಿಯ ಕೆಲವು, ಆಮೇಲೆ ಒಂದೆರಡು ಶಾಖೆ, ಕೊನೆಗೆ ಉಳಿದವು. ಕ್ಯಾಶ್ ಕೌಂಟರು, ಐಸಿಯು, ಪರೀಕ್ಷಾ ವಿಭಾಗ ಯಾವತ್ತೂ ಕೊನೆಯ ಸಾಲಿನಲ್ಲಿ. ಈ ಸರದಿ ಎರಡೂ ಕಡೆ ಹಾಕಲು ಬರುತ್ತದೆ, ಹಾಕುವವರು ಬೇಕು.

ಕ್ಲೌಡ್ ತಾನೇ ನಿಲ್ಲುವುದಿಲ್ಲವೇ? ನಿಲ್ಲುತ್ತದೆ. 2025ರ ಅಕ್ಟೋಬರ್ 29ರಂದು ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್ ಒಳಗಿನ ಒಂದು ತಪ್ಪು ಸಂರಚನೆಯಿಂದ ಅದರ ಹಲವು ಸೇವೆಗಳು ಗಂಟೆಗಟ್ಟಲೆ ತತ್ತರಿಸಿದವು. ಅಂಥ ಹೊತ್ತಿನಲ್ಲಿ ನಾವು ಹೊಸ ಆದೇಶ ಕಳಿಸಲಾಗದು, ಆದರೆ ಯಂತ್ರದಲ್ಲಿ ಆಗಲೇ ಕೂತಿರುವ ನಿಯಮಗಳು ಹಾಗೇ ಕೆಲಸ ಮಾಡುತ್ತಿರುತ್ತವೆ. ಅಷ್ಟರ ಮಟ್ಟಿಗೆ ನಿಶ್ಚಿಂತೆಯಿಂದಿರಿ.

ನಿಮ್ಮಲ್ಲಿ ಬಹಳ ಜನ ಕೇಳುವುದು ಇನ್ನೊಂದು: ನಮ್ಮ ಠೇವಣಿದಾರರ ಮಾಹಿತಿ ಕ್ಲೌಡಿಗೆ ಹೋಗುತ್ತದೆಯೇ? ಕಂಪ್ಯೂಟರ್ ನಿರ್ವಹಣೆಯ ತಂತ್ರಾಂಶ ನಿಮ್ಮ ಲೆಡ್ಜರನ್ನು ಎತ್ತಿಕೊಂಡು ಹೋಗುವುದಿಲ್ಲ. ಅದು ತಿಳಿಯುವುದು ಯಂತ್ರದ ಹೆಸರು, ಸೀರಿಯಲ್ ನಂಬರು, ಅದನ್ನು ಬಳಸುವ ಸಿಬ್ಬಂದಿಯ ಖಾತೆ, ಅದರಲ್ಲಿರುವ ತಂತ್ರಾಂಶಗಳು, ಪ್ಯಾಚಿನ ಸ್ಥಿತಿ ಇಂಥವನ್ನು. ನಿಜವಾಗಿ ಹೆದರಬೇಕಾದ್ದು ಬೇರೆಯದಕ್ಕೆ. ಆ ಕ್ಲೌಡಿನ ಅಡ್ಮಿನ್ ಖಾತೆ ಯಾರ ಕೈಗಾದರೂ ಸಿಕ್ಕರೆ, ಅವರು ಎಲ್ಲೋ ಕೂತು ನಿಮ್ಮ ಮುನ್ನೂರು ಯಂತ್ರಗಳನ್ನೂ ಅಳಿಸಬಲ್ಲರು. ದೊಡ್ಡ ಮೊತ್ತದ ಚೆಕ್ಕಿಗೆ ಎರಡು ಸಹಿ ಬೇಕು ಅಂತ ನೀವು ನಿಯಮ ಮಾಡಿದ್ದೀರಿ. ಅಂಥದೇ ಏರ್ಪಾಡು ಇನ್‌ಟ್ಯೂನ್‌ನಲ್ಲೂ ಇದೆ: ಒಬ್ಬ ಅಡ್ಮಿನ್ ಮಾಡಹೊರಟ ಗಂಭೀರ ಬದಲಾವಣೆಗೆ ಇನ್ನೊಬ್ಬರು ಒಪ್ಪಿಗೆ ಕೊಡುವವರೆಗೆ ಅದು ಜಾರಿಯಾಗದು. ಅದನ್ನು ಹಾಕಿಸಿ. ಅಡ್ಮಿನ್ ಖಾತೆ ಎಎಂಸಿ ಕಂಪನಿಯ ಹುಡುಗನ ಮೊಬೈಲ್ ನಂಬರಿಗೆ ಜೋಡಿಸಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗ ಕೆಲಸ ಬಿಟ್ಟ ದಿನ ನಿಮ್ಮ ಸಂಸ್ಥೆಯ ಕೀಲಿಕೈ ಅವನ ಜೇಬಿನಲ್ಲೇ ಹೊರಟುಹೋಗುತ್ತದೆ.

ದುಡ್ಡಿನ ವಿಷಯ. ಕಾನ್ಫಿಗರೇಷನ್ ಮ್ಯಾನೇಜರ್ ಲೈಸೆನ್ಸ್ ಇರುವವರು ತಮ್ಮ ವಿಂಡೋಸ್ ಕಂಪ್ಯೂಟರುಗಳನ್ನು ಜೋಡಿ ವ್ಯವಸ್ಥೆಯಲ್ಲಿ ನಡೆಸಲು ಇನ್‌ಟ್ಯೂನ್ ಲೈಸೆನ್ಸನ್ನು ಬೇರೆಯಾಗಿ ಕೊಳ್ಳಬೇಕಿಲ್ಲ ಅಂತ ಮೈಕ್ರೋಸಾಫ್ಟ್ 2019ರ ನವೆಂಬರ್‌ನಲ್ಲೇ ಘೋಷಿಸಿತು. ಮೊಬೈಲ್, ಟ್ಯಾಬ್‌ಗಳಿಗೆ ಇದು ಅನ್ವಯಿಸದು, ಯಂತ್ರಗಳು ತಾವಾಗಿಯೇ ನೋಂದಣಿಯಾಗಲು ಗುರುತಿನ ಸೇವೆಯ ಲೈಸೆನ್ಸು ಬೇರೆ ಬೇಕು. ಈಗಾಗಲೇ ಕೈಯಲ್ಲಿರುವುದನ್ನೇ ಹೊಸ ಸಾಲಿನಲ್ಲಿ ಸೇರಿಸಿ ಬೆಲೆ ಹಾಕಿದ ಕೊಟೇಷನ್‌ಗಳನ್ನು ನೋಡಿದ್ದೇನೆ. ನಿಮ್ಮ ಲೈಸೆನ್ಸ್ ಕಾಗದಗಳನ್ನು ಮೊದಲು ಹೊರತೆಗೆಸಿ ಓದಿಸಿ.

ದುಡ್ಡಿನದೇ ಇನ್ನೊಂದು ಲೆಕ್ಕ: ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಮೇಲೂ ಭದ್ರತಾ ಪ್ಯಾಚ್ ಬೇಕೆಂದರೆ ಸಂಸ್ಥೆಗಳು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್ ಕೊಡಬೇಕು, ವರ್ಷ ವರ್ಷ ಅದು ಇಮ್ಮಡಿ, ಮೂರು ವರ್ಷದವರೆಗೆ. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಒಂದೇ ಡಾಲರ್. ಕಾಲೇಜಿನವರು ಇದನ್ನು ಕೇಳದೆ ಲ್ಯಾಬ್ ಪೂರ್ತಿ ಬದಲಿಸಲು ಹೊರಟಿದ್ದರೆ ಒಂದು ಗಳಿಗೆ ತಡೆಯಿರಿ. ಬ್ಯಾಂಕಿನವರು ಮಾತ್ರ ತಡಮಾಡಬೇಡಿ.

ಎಲ್ಲರಿಗೂ ಜೋಡಿ ವ್ಯವಸ್ಥೆ ಬೇಕು ಅಂತ ನಾನು ಹೇಳುತ್ತಿಲ್ಲ. ನಲವತ್ತು ಯಂತ್ರಗಳ ಪತ್ತಿನ ಸಂಘ ಹೊಸದಾಗಿ ಕಾನ್ಫಿಗರೇಷನ್ ಮ್ಯಾನೇಜರ್ ಕೂರಿಸುವುದು ದಂಡ, ನೇರವಾಗಿ ಕ್ಲೌಡಿಗೆ ಹೋಗಲಿ. ದೊಡ್ಡವರಿಗೂ ದಾರಿ ಕೊನೆಗೆ ಅತ್ತಲೇ. ಕಚೇರಿಯೊಳಗೆ ಪ್ಯಾಚ್ ಹಂಚುವ ಡಬ್ಲ್ಯೂಎಸ್‌ಯುಎಸ್‌ಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಅಂತ 2024ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಹೇಳಿಯಾಗಿದೆ. ಇರುವುದು ನಡೆಯುತ್ತದೆ, ಬೆಳೆಯುವುದಿಲ್ಲ. ಆದ್ದರಿಂದ ಹಳೆಯ ಕಡೆಗೆ ಹೊಸ ದುಡ್ಡು ಸುರಿಯಬೇಡಿ, ಹಳೆಯದನ್ನು ಅವಸರದಲ್ಲಿ ಕಿತ್ತೂ ಹಾಕಬೇಡಿ. ನನ್ನ ಕೈಗೆ ಬಿಟ್ಟರೆ ಮೊದಲು ಸರಿಸುವುದು ನಿಯಮ ಪರೀಕ್ಷೆ ಮತ್ತು ಲ್ಯಾಪ್‌ಟಾಪ್‌ಗಳ ಅಪ್‌ಡೇಟ್. ಸಪೂರ ಲೈನಿನ ಶಾಖೆಗಳ ಡೆಸ್ಕ್‌ಟಾಪ್, ಲ್ಯಾಬಿನ ಯಂತ್ರಗಳು ಕಡೆಯವರೆಗೂ ಕಚೇರಿ ಸರ್ವರಿನಲ್ಲೇ ಇರಲಿ.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. ಆ ಹಾಳೆಯನ್ನು ನಿಮ್ಮ ಸಿಸ್ಟಮ್ ಅಡ್ಮಿನ್ ಮತ್ತು ಗುತ್ತಿಗೆದಾರರು ಇಬ್ಬರೂ ಕೂತು ತುಂಬಲಿ. ಪ್ರತಿ ಕೆಲಸದ ಎದುರು ಯಾವ ಕಡೆ, ಯಾರ ಹೆಸರು, ಅವರು ರಜೆಯಲ್ಲಿದ್ದರೆ ಯಾರು, ಇಷ್ಟಿರಲಿ. ಕೆಳಗೆ ನಿಮ್ಮ ಕಾರ್ಯದರ್ಶಿಯ ಸಹಿಯೂ ಬೀಳಲಿ. ಪ್ರಾಯೋಗಿಕ ಗುಂಪಿನಲ್ಲಿ ಅಧ್ಯಕ್ಷರದ್ದೋ ಜನರಲ್ ಮ್ಯಾನೇಜರರದ್ದೋ ಒಂದು ಲ್ಯಾಪ್‌ಟಾಪ್ ಇರಲಿ. ತೊಂದರೆ ಏನೆಂದು ಮೇಲಿನವರಿಗೆ ತಿಳಿದರೆ ಕೆಳಗಿನವರ ಕೆಲಸ ಅರ್ಧ ಹಗುರ. ಗುತ್ತಿಗೆಯ ಕರಾರಿನಲ್ಲಿ 'ಸ್ಥಾಪಿಸಲಾಗುವುದು' ಅಂತ ಇದ್ದಲ್ಲಿ 'ಹಳೆಯ ಗ್ರೂಪ್ ಪಾಲಿಸಿಗಳನ್ನು ತೆಗೆದು, ಮೂರು ತಿಂಗಳ ಪ್ಯಾಚ್ ವರದಿ ತೋರಿಸಿದ ಮೇಲೆ ಕೊನೆಯ ಕಂತು' ಅಂತ ಬರೆಸಿ. ತಿಂಗಳ ವರದಿಯಲ್ಲಿ ಹಸಿರು ಬಣ್ಣದ ಶೇಕಡಾವಾರು ನೋಡಿ ಸಮಾಧಾನಪಡಬೇಡಿ. ಹದಿನೈದು ದಿನಗಳಿಂದ ಸುದ್ದಿಯೇ ಕೊಡದ ಯಂತ್ರಗಳು ಯಾವುವು ಅಂತ ಕೇಳಿ. ಲೆಕ್ಕಕ್ಕೆ ಸಿಗದವನ್ನು ಬಿಟ್ಟು ಲೆಕ್ಕ ಹಾಕಿದರೆ ಶೇಕಡಾ ನೂರು ಬರುವುದು ಸುಲಭ.

ಇದು ನನ್ನ ಚಪಲವಷ್ಟೇ ಅಲ್ಲ. ಸೈಬರ್ ಭದ್ರತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಪಟ್ಟಣ ಸಹಕಾರಿ ಬ್ಯಾಂಕುಗಳು ಐಟಿ ಆಸ್ತಿಯ ಪಟ್ಟಿ ಇಡಬೇಕು ಅಂತ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲೇ ಸುತ್ತೋಲೆ ಕಳಿಸಿದೆ. ಯಾವ ಯಂತ್ರ ಎಲ್ಲಿದೆ ಅಂತ ಹುಡುಕುವುದಕ್ಕೇ ಒಂದು ದಿನ ಬೇಕಾದಲ್ಲಿ ಆರು ಗಂಟೆಯೊಳಗೆ ಏನೆಂದು ಬರೆದು ಕಳಿಸುತ್ತೀರಿ?

ಕಡೆಯದಾಗಿ, ನಿಮ್ಮ ಸಿಸ್ಟಮ್ ಅಡ್ಮಿನ್‌ಗೆ ಸ್ವಲ್ಪ ಬಿಡುವು ಕೊಡಿ. ಎರಡು ವ್ಯವಸ್ಥೆ ಜೋಡಿಸುವವರೇ ಪ್ರಿಂಟರಿನ ಕಾಗದ ಸಿಕ್ಕಿಕೊಂಡದ್ದನ್ನೂ ಬಿಡಿಸಬೇಕು, ಸಿಸಿಟಿವಿಯನ್ನೂ ನೋಡಬೇಕು, ಸರ್ವ ಸದಸ್ಯರ ಸಭೆಯ ಮೈಕನ್ನೂ ಕಟ್ಟಬೇಕು ಅಂದರೆ ಯಾವುದೂ ಆಗುವುದಿಲ್ಲ. ವಾರಕ್ಕೆ ಎರಡು ದಿನ ಇದೇ ಕೆಲಸ, ಬೇರೆಯದಕ್ಕೆ ಕರೆಯಕೂಡದು ಅಂತ ಒಂದು ಕಚೇರಿ ಆದೇಶ ಹೊರಡಿಸಿ. ಮುಂದಿನ ಸಭೆಯ ಅಜೆಂಡಾದಲ್ಲಿ 'ಕಂಪ್ಯೂಟರ್ ವಿಭಾಗದ ವಿಷಯ' ಎರಡನೆಯ ಸ್ಥಾನದಲ್ಲಿರಲಿ, ಕೊಟೇಷನ್‌ಗಳ ಜೊತೆ ತುಂಬಿದ ಹಾಳೆಯೂ ಮೇಜಿನ ಮೇಲಿರಲಿ. ಹಾಳೆ ಬರದಿದ್ದರೆ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಗೌರವಾದರಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಸಿಸ್ಟಮ್ ಅಡ್ಮಿನ್
ಹುಬ್ಬಳ್ಳಿ